ಸಾಹೇಬರು ಕಾಣದೆ ದಾಟಿದ ಹಳ್ಳ

ಬಿಸಿ ಡಾಂಬರು ಕಾಲಿಗೆ ಸಿಡಿದರೆ ಕಿತ್ತು ತೆಗೆಯಬಾರದು. ಚರ್ಮವೂ ಜೊತೆಗೆ ಬರುತ್ತದೆ. ತಣ್ಣೀರು ಹೊಯ್ದು, ಅದು ಗಟ್ಟಿಯಾದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಸುಮ್ಮನಿರಬೇಕು. ತಾನಾಗಿ ಬಿಡುತ್ತದೆ. ಇದನ್ನು ಮೊದಲಿಗೇ ಬರೆದಿಡುತ್ತೇನೆ. ಉಳಿದದ್ದನ್ನು ಯಾರೂ ಓದದಿದ್ದರೂ ಇಷ್ಟಾದರೂ ಉಪಯೋಗಕ್ಕೆ ಬಂದೀತು.

ನನ್ನ ತಂಗಿಯ ಮೊಮ್ಮಗಳಿಗೆ ಹೆದ್ದಾರಿ ಇಲಾಖೆಯಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿದೆ. "ದೊಡ್ಡಜ್ಜಿ, ನೀನೂ ರಸ್ತೆ ಕೆಲಸ ಮಾಡಿದವಳಲ್ಲ, ಹೇಗಿತ್ತು ಬರೆದುಕೊಡು" ಅಂದಳು. ನಾನು ತ್ಯಾಗಲಿಯ ಶಾಲೆಯಲ್ಲಿ ಎರಡನೇ ಇಯತ್ತೆಯವರೆಗೆ ಕೂತವಳು. ಅಕ್ಷರ ದಪ್ಪದಪ್ಪ ಬೀಳುತ್ತವೆ. ಪರವಾಗಿಲ್ಲ. ನನಗೆ ಕೆಲಸ ಕಾಯಂ ಆದದ್ದು ಯಾವಾಗ, ಪೆನ್ಶನ್ ಬಂದದ್ದು ಯಾವಾಗ ಎಂಬುದೆಲ್ಲ ಅವಳಿಗೆ ಬೇಡ, ನನಗೂ ಬೇಡ. ಅವಳ ಕೆಲಸಕ್ಕೆ ಬೇಕಾದ ಒಂದು ಸಂಗತಿ ನನ್ನ ಹತ್ತಿರ ಇದೆ. ಅದನ್ನು ಹೇಳುತ್ತೇನೆ.

ನಾನು ಗ್ಯಾಂಗಿಗೆ ಸೇರಿದಾಗ ನಮ್ಮ ಸೀಮೆ ಮುಂಬಯಿ ಸರಕಾರದಲ್ಲಿತ್ತು. ಸಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯಲ್ಲಿ, ಸೋಂದಾದ ಕಡೆ ಹೊರಳುವ ದಾರಿಯನ್ನೂ ದಾಟಿ ಮುಂದೆ, ನಮ್ಮ ಗ್ಯಾಂಗಿನ ತುಂಡು. ಹೆಂಗಸರು ಬುಟ್ಟಿಯಲ್ಲಿ ಖಡಿ, ಅಂದರೆ ಜಲ್ಲಿಕಲ್ಲು, ಹೊರುವುದು, ಗಂಡಸರು ಡಾಂಬರು ಕಾಯಿಸಿ ಸುರಿಯುವುದು. ಕಾಲಿಗೆ ಒದ್ದೆ ಗೋಣಿಪಾಟು ಸುತ್ತಿಕೊಂಡು ಬಿಸಿ ರಸ್ತೆಯ ಮೇಲೆ ನಡೆಯುವುದು. ಗೋಣಿ ಒಣಗಿತೋ, ಕುಣಿತ ಶುರು. ಮಳೆಗಾಲದಲ್ಲಿ ಚರಂಡಿ ಬಿಡಿಸುವುದು, ಬಿದ್ದ ಮರ ಕಡಿದು ಎಳೆಯುವುದು. ಗ್ಯಾಂಗನ್ನು ನಡೆಸುವ ಮುಕಾದಮ ಬಿಳಗಿಯ ಬೀರ. ಬಾಯಿ ದೊಡ್ಡದು, ಹಾರೆ ಹಿಡಿದರೆ ಇಬ್ಬರ ಕೆಲಸ ಮಾಡುತ್ತಿದ್ದ, ಹಾಗಾಗಿ ಬಾಯಿಯನ್ನು ಸಹಿಸುತ್ತಿದ್ದೆವು.

ಐವತ್ತಾರರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ನಾವು ಬಂದೆವು ಅಂದರೆ ಎಲ್ಲೂ ಹೋಗಲಿಲ್ಲ, ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದೆವು. ಮೇಲಿನವರು ಬದಲಾದರು. ಮರಾಠಿಯಲ್ಲಿ ಬಯ್ಯುತ್ತಿದ್ದ ಇಂಜಿನಿಯರ್ ಹೋಗಿ ಕನ್ನಡದಲ್ಲಿ ಬಯ್ಯುವವರು ಬಂದರು. ಮರಾಠಿ ಬಯ್ಗುಳ ಅರ್ಥವಾಗುತ್ತಿರಲಿಲ್ಲ, ಅಷ್ಟು ಸುಖ ಕಳೆದುಹೋಯಿತು.

ಆಗಲೇ ಬಂದವರು ಓವರ್‌ಸಿಯರ್ ಬಸಪ್ಪನವರು. ಹಾವೇರಿ ಕಡೆಯವರು. ಮಳೆಯಿರಲಿ ಬಿಸಿಲಿರಲಿ ಕೈಯಲ್ಲೊಂದು ಕೊಡೆ. ಅದನ್ನು ಬಿಚ್ಚಿದ್ದು ನೋಡಿದ್ದು ಕಡಿಮೆ, ತೋರಿಸಿ ತೋರಿಸಿ ಬಯ್ಯಲಿಕ್ಕೇ ಅದು. ಸಿಟ್ಟಿನ ಮನುಷ್ಯ. ಆದರೆ ಯಾರಿಗಾದರೂ ಜ್ವರ ಬಂದರೆ "ಮನೀಗೆ ಹೋಗ್ರಿ, ನನ್ನ ಕಣ್ಣಿಗೆ ಬೀಳಬ್ಯಾಡ್ರಿ" ಎಂದು ಅದೇ ಸಿಟ್ಟಿನಲ್ಲಿ ಅಟ್ಟುತ್ತಿದ್ದರು.

ನಮ್ಮ ತುಂಡಿನ ನಡುವೆ ಒಂದು ಹಳ್ಳ. ಅದಕ್ಕೆ ಸೇತುವೆ ಇರಲಿಲ್ಲ. ತಳದಲ್ಲಿ ಕಲ್ಲು ಹಾಸಿತ್ತು, ಬಸ್ಸು ಇಳಿದು ಹತ್ತುತ್ತಿತ್ತು. ಮಳೆಗಾಲದಲ್ಲಿ ಬಸ್ಸು ಆಚೆ ದಡದಲ್ಲೊಂದು, ಈಚೆ ದಡದಲ್ಲೊಂದು. ನಡುವೆ ಮರದ ದಿಮ್ಮಿಯ ಸಂಕ. ಜನ ಸಂಕ ದಾಟಿ ಬಸ್ಸು ಬದಲಿಸಬೇಕು. ನೀರು ಜೋರಾದರೆ ಸಂಕವೂ ತೇಲಿಹೋಗುತ್ತಿತ್ತು. ಆಗ ಆಚೆಯವರು ಆಚೆ, ಈಚೆಯವರು ಈಚೆ. ಸಿರಸಿಯ ಆಸ್ಪತ್ರೆ ಈಚೆ.

ಗ್ಯಾಂಗಿನಲ್ಲಿ ನನ್ನ ಜೊತೆಗಾತಿ ಪಾರು. ಅವಳ ಗಂಡನ ಮನೆ ಹಳ್ಳದ ಆಚೆ, ಯಲ್ಲಾಪುರದ ದಿಕ್ಕಿಗೆ. ಅವಳ ಚೊಚ್ಚಲು ಹೆರಿಗೆ ಶ್ರಾವಣದಲ್ಲಿ ಬಂತು. ಮಗು ಅಡ್ಡ. ಕಂಬಳಿ ಜೋಲಿ ಕಟ್ಟಿ ಹೊತ್ತುಕೊಂಡು ದಡದವರೆಗೆ ತಂದರು. ಸಂಕ ಹಿಂದಿನ ದಿನವೇ ಹೋಗಿತ್ತು. ಬೆಳಗಿನಿಂದ ಸಂಜೆವರೆಗೆ ನೀರು ಇಳಿಯಲೆಂದು ಕೂತರು. ಮಗು ಸತ್ತು ಹುಟ್ಟಿತು. ದಡದ ಮೇಲೇ ಹೂತರು. ಪಾರು ಬದುಕಿದಳು. ಸುಗ್ಗಿ ಹೊತ್ತಿಗೆ ಮತ್ತೆ ಬುಟ್ಟಿ ಹೊರಲು ಬಂದಳು. ಅದರ ಬಗ್ಗೆ ಅವಳು ಮಾತಾಡುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಆದರೆ ಹಳ್ಳ ದಾಟುವಾಗ ಪ್ರತಿ ಸಲವೂ ಅವಳು ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು.

ಸುಗ್ಗಿಗೆ ಬಂದಾಗಲೇ ಪಾರುವಿಗೆ ಮತ್ತೆ ದಿನ ನಿಂತಿದ್ದವು. ಹಳ್ಳ ಯಾವಾಗ ತುಂಬುತ್ತದೋ ಸರಿಯಾಗಿ ಆಗಲೇ ಹೆರಿಗೆ. ಅವಳು ನನಗೆ ಹೇಳಿದ್ದು ಖಡಿ ತುಂಬುತ್ತ. "ಹೊನ್ನಕ್ಕಾ, ಈ ಸಲವೂ ಮಳೆಗೇ ಬತ್ತು, ಆಷಾಢಕ್ಕೆ" ಅಂದಳು, ಅಷ್ಟೇ.

ಬಸಪ್ಪನವರಿಗೆ ನಾನೇ ಹೋಗಿ ಹೇಳಿದೆ. "ಸಾಹೇಬ್ರೇ, ಹಳ್ಳಕ್ಕೊಂದು ಸೇತುವೆ ಯಾವಾಗ ಆಗ್ತದೆ?"

"ನಾ ಏನ ಕಿಸೇದಾಗ ಸೇತುವಿ ಇಟ್ಕೊಂಡು ಅಡ್ಡಾಡ್ತೇನನವ್ವಾ? ಮೂರು ಸಲ ಬರದೇನಿ. ಇಲ್ಲಿ ರೊಕ್ಕ ಸಾಲೂದಿಲ್ಲ ಅಂತಾರ. ದಿಲ್ಲಿಯವರು ನೋಡಿ ಹೂಂ ಅನಬೇಕಂತ."

ಅವತ್ತು ನನಗೆ ರಸ್ತೆ ಯಾರದ್ದು ಎಂಬುದು ಅರ್ಥವಾಯಿತು. ಅಲ್ಲಿಯವರೆಗೆ ರಸ್ತೆ ಸಿರಸಿಯ ಇಂಜಿನಿಯರದ್ದು ಅಂದುಕೊಂಡಿದ್ದೆ. ಬಸಪ್ಪನವರು ಕೊಡೆಯ ತುದಿಯಿಂದ ಮಣ್ಣಿನಲ್ಲಿ ಗೀಚಿ ತೋರಿಸಿದರು. ಊರೂರಿನ ರಸ್ತೆ ಊರವರದ್ದು, ಸಣ್ಣ ದುರಸ್ತಿ ರಾಜ್ಯದ್ದು. ಆದರೆ ಕಟ್ಟಿಗೆ, ಅಡಿಕೆ ಹೊತ್ತ ಲಾರಿಗಳು ಘಟ್ಟ ಇಳಿದು ಬಂದರಕ್ಕೆ ಹೋಗುವ ದಾರಿ ಇದೆಯಲ್ಲ, ಅದರ ದೊಡ್ಡ ಕೆಲಸಕ್ಕೆ ದಿಲ್ಲಿಯ ಸಾರಿಗೆ ಇಲಾಖೆ ಹಣ ಕೊಡುತ್ತದೆ. ಕೊಡುವ ಮೊದಲು ಅವರ ಮನುಷ್ಯ ಬಂದು ನೋಡಿ ಹೋಗುತ್ತಾನೆ. ಅವನು ಬರೆದರೆ ಸೇತುವೆ ಉಂಟು, ಬರೆಯದಿದ್ದರೆ ಇಲ್ಲ. ದಿಲ್ಲಿಯದ್ದು ಹಣ, ರಾಜ್ಯದ್ದು ಇಂಜಿನಿಯರು, ನಮ್ಮದು ತಲೆ ಮೇಲಿನ ಬುಟ್ಟಿ. ಈಗಲೂ ಹೀಗೇ ಇರಬೇಕು, ಬುಟ್ಟಿಯ ಬದಲು ಮಷೀನು ಬಂದಿರಬಹುದು.

ಮಾರ್ಚ್ ಸುಮಾರಿಗೆ ಬಸಪ್ಪನವರು ಓಡೋಡಿ ಬಂದರು. "ಏ, ಎಲ್ಲಾರೂ ಬರ್ರಿ ಇಲ್ಲಿ. ದಿಲ್ಲಿ ಸಾಹೇಬ್ರು ಬರಾಕತ್ತಾರ. ನಮ್ಮ ತುಂಡು ಕನ್ನಡಿ ಹಂಗ ಇರಬೇಕು. ಅವರ ಜೀಪು ಒಂದು ಕಡೇನೂ ಕುಣೀಬಾರದು!"

ಮುಂದೆ ಆದದ್ದನ್ನು ಗಮನವಿಟ್ಟು ಓದಬೇಕು.

ನಮ್ಮ ಕಡೆ ಮನೆಗೆ ದೊಡ್ಡವರು ಬರುತ್ತಾರೆ ಅಂದರೆ ಏನು ಮಾಡುತ್ತಾರೆ? ಅಂಗಳ ಸಾರಿಸುತ್ತಾರೆ, ಗೋಡೆಗೆ ಕೆಮ್ಮಣ್ಣು ಬಳಿದು ಬಿಳಿ ಶೇಡಿಮಣ್ಣಿನ ಚಿತ್ತಾರ ಬರೆಯುತ್ತಾರೆ. ಸೋರುವ ಮೂಲೆಯ ಕೆಳಗಿನ ಪಾತ್ರೆಯನ್ನು ಎತ್ತಿ ಒಳಗಿಡುತ್ತಾರೆ. ಹರಕು ಚಾಪೆಯನ್ನು ಯಾರೂ ಹಾಸುವುದಿಲ್ಲ. ನಾವು ರಸ್ತೆಗೂ ಅದನ್ನೇ ಮಾಡಿದೆವು. ಹೊಂಡ ಮುಚ್ಚಿದೆವು. ಬದಿಯ ಹುಲ್ಲು ಕೆತ್ತಿದೆವು. ಮೈಲಿಗಲ್ಲುಗಳನ್ನು ತೆಂಗಿನ ನಾರಿನಿಂದ ತಿಕ್ಕಿದೆವು. ಕಡೆಗೆ ಹಳ್ಳಕ್ಕೆ ಬಂದೆವು.

ಬೇಸಿಗೆಯಲ್ಲಿ ಅದರಲ್ಲಿ ಹರಿಯುವುದು ಒಂದು ತೆಳು ನೀರು. ಬೀರ ಬೈನೆ ಮರ ಕಡಿದು ಒಳಗನ್ನು ಕೊರೆದು ದೊಡ್ಡ ಕೊಳವೆ ಮಾಡಿದ. ನೀರನ್ನು ಅದರೊಳಗೆ ಹರಿಯಬಿಟ್ಟು, ಮೇಲಿನಿಂದ ಕಲ್ಲು, ಖಡಿ, ಕೆಂಪು ಮಣ್ಣು ತುಂಬಿ ದಮ್ಮಸ್ಸು ಹೊಡೆದೆವು. ಇಳಿಜಾರೇ ಇಲ್ಲ, ರಸ್ತೆಯ ಮಟ್ಟಕ್ಕೆ ಬಂತು. ಎರಡೂ ಬದಿಗೆ ಕಲ್ಲು ಜೋಡಿಸಿ ಶೇಡಿ ಹಚ್ಚಿದೆವು. ಕೆಂಪು ನೆಲ, ಬಿಳಿ ಅಂಚು. ಸೀರೆ ಹಾಸಿದ ಹಾಗೆ ಕಾಣುತ್ತಿತ್ತು.

ಪಾರು ಏಳುಬೀಳುತ್ತ ಕಲ್ಲು ಹೊರುತ್ತಿದ್ದಳು. "ಸಾಹೇಬ್ರು ಇಲ್ಲಿ ಉಣ್ಣುಕೆ ಕೂರ್ತ್ರನೇ ಹೊನ್ನಕ್ಕಾ? ಎಂತಕೆ ಇಷ್ಟೆಲ್ಲಾ?"

"ಬಾಯಿ ಮುಚ್ಕಂಡು ಹೊರೇ" ಅಂದ ಬೀರ. "ದಾರಿ ಚಂದ ಇದ್ರೆ ಅವ್ರಿಗೆ ಖುಷಿ ಆಗ್ತದೆ. ಖುಷಿ ಆದ್ರೆ ಸೇತುವೆ ಕೊಡ್ತಾರೆ."

ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ಬಸಪ್ಪನವರು ಬಂದು ನೋಡಿ ಕೊಡೆಯಿಂದ ನೆಲ ಕುಟ್ಟಿ "ಭೇಷ್" ಅಂದರು. ಅವರ ಬಾಯಿಂದ ಆ ಮಾತು ಬಂದದ್ದು ಅದೊಂದೇ ಸಲ.

ಸಾಹೇಬರು ಊಟದ ನಂತರ ಬಂದರು. ಜೀಪಿನ ಮುಂದಿನ ಸೀಟಿನಲ್ಲಿ ಬೆಳ್ಳಗಿನ, ವಯಸ್ಸಾದ ಮನುಷ್ಯ. ಹಿಂದೆ ಸಿರಸಿಯ ಇಂಜಿನಿಯರು. ನಾವು ಹಳ್ಳದ ಹತ್ತಿರ ಸಾಲಾಗಿ ನಿಂತಿದ್ದೆವು. ಪಾರು ಎಲ್ಲರಿಗಿಂತ ಮುಂದೆ, ಹೊಟ್ಟೆ ಕಾಣುವ ಹಾಗೆ. ಹಾಗೆ ನಿಲ್ಲು ಅಂತ ನಾನೇ ಹೇಳಿದ್ದೆ. ಜೀಪು ಬಂತು, ನಿಲ್ಲಲಿಲ್ಲ. ಸಾಹೇಬರ ತಲೆ ಎದೆಯ ಮೇಲೆ ವಾಲಿತ್ತು. ಬಿಸಿಲಿಗೆ ಜೊಂಪು ಹತ್ತಿತ್ತು. ನಮ್ಮ ರಸ್ತೆ ಅಷ್ಟು ನಯವಾಗಿತ್ತು, ಜೀಪು ತೊಟ್ಟಿಲಿನ ಹಾಗೆ ಹೋಯಿತು. ಅವರಿಗೆ ಎಚ್ಚರವಾದದ್ದು ಹಳ್ಳ ದಾಟಿ ಮುಂದೆ ಮಾವಿನ ಮರದ ನೆರಳಿನಲ್ಲಿ ಜೀಪು ನಿಂತ ಮೇಲೆ.

ನಾವು ಓಡಿ ಹೋದೆವು. ಸಾಹೇಬರು ಕಣ್ಣುಜ್ಜಿಕೊಳ್ಳುತ್ತ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಇಂಜಿನಿಯರು ಹಿಂದಕ್ಕೆ ಕೈ ತೋರಿಸಿದರು. ಸಾಹೇಬರು ಇಳಿದು ಹಿಂತಿರುಗಿ ನೋಡಿದರು, ಮತ್ತೆ ನೋಡಿದರು, ಆಮೇಲೆ ನಕ್ಕರು.

"ಏನಂತಾರ್ರೀ?" ಎಂದು ಬಸಪ್ಪನವರು ಕೇಳಿದರು.

"ಹಳ್ಳ ಎಲ್ಲಿ ಅಂತ ಕೇಳಿದರು. ದಾಟಿ ಬಂದಿವಿ ಅಂದೆ. ನನಗೆ ಗೊತ್ತೇ ಆಗದ ಹಳ್ಳಕ್ಕೆ ಸೇತುವೆ ಯಾಕೆ ಅಂತಾರೆ."

"ಸಾಹೇಬ್ರ, ಮಳಿಗಾಲದಾಗ—" ಎಂದು ಬಸಪ್ಪನವರು ಶುರು ಮಾಡಿದರು. ಇಂಜಿನಿಯರು ಕಣ್ಣಿನಲ್ಲೇ ಸುಮ್ಮನಿರಿಸಿದರು. ದಿಲ್ಲಿಯವರ ಎದುರು ವಾದ ಮಾಡುವ ರೂಢಿ ಆಗ ಇರಲಿಲ್ಲ. ಸಾಹೇಬರು ಬಸಪ್ಪನವರ ಕೈ ಕುಲುಕಿದರು. ಇಷ್ಟು ಅಚ್ಚುಕಟ್ಟಾದ ಗ್ಯಾಂಗು ಈ ಕಡೆಯಲ್ಲೇ ನೋಡಿಲ್ಲವಂತೆ. ಹೊರಟುಹೋದರು. ಧೂಳು ಕೂಡ ಏಳಲಿಲ್ಲ, ನೀರು ಚಿಮುಕಿಸಿದ್ದೆವಲ್ಲ.

ಬಸಪ್ಪನವರು ಕುಲುಕಿಸಿಕೊಂಡ ಕೈಯನ್ನು ಹಾಗೇ ಮುಂದೆ ಚಾಚಿ ನಿಂತಿದ್ದರು. ಪಾರು ಅಳಲಿಲ್ಲ. ಕೈಯಲ್ಲಿದ್ದ ಕಸಬರಿಗೆಯನ್ನು ಹಳ್ಳದ ಪೊದೆಗೆ ಎಸೆದಳು. "ನಾವೇ ಮುಚ್ಚಿದ್ದಲ್ದನೇ ಹೊನ್ನಕ್ಕಾ. ಚಂದ ಮಾಡಿ ಮುಚ್ಚಿದ್ದು" ಅಂದಳು. ಆಮೇಲೆ ತಾನೇ ಹೋಗಿ ಕಸಬರಿಗೆ ಹುಡುಕಿ ತಂದಳು. ಅದು ಸರಕಾರದ್ದು.

ಮೊದಲ ಜಡಿಮಳೆಗೇ ನಮ್ಮ ಕೆಂಪು ನೆಲ, ಬಿಳಿ ಅಂಚು, ಬೀರನ ಬೈನೆ ಕೊಳವೆ ಎಲ್ಲ ಕೊಚ್ಚಿಹೋಯಿತು.

ಹಳ್ಳದ ಈಚೆ ದಡದಲ್ಲಿ ಇಲಾಖೆಯ ಸಾಮಾನಿನ ಗುಡಿಸಲು ಇತ್ತು. ಹಾರೆ, ಗುದ್ದಲಿ, ಡಾಂಬರಿನ ಡ್ರಮ್ಮು, ಕೆಂಪು ಬಾವುಟ ಇಡುವ ಜಾಗ. ಅಲ್ಲಿ ಯಾರೂ ವಾಸ ಮಾಡಕೂಡದು ಎಂಬುದು ಕಟ್ಟುನಿಟ್ಟಿನ ಕಾನೂನು. ಮಾಡಿದರೆ ಓವರ್‌ಸಿಯರನ ಕೆಲಸಕ್ಕೇ ಕುತ್ತು ಬರುತ್ತದೆ. ಜ್ಯೇಷ್ಠದ ಕೊನೆಗೆ ಒಂದು ಬೆಳಿಗ್ಗೆ ಬಸಪ್ಪನವರು ಆ ಗುಡಿಸಲಿನ ಬೀಗದ ಕೈಯನ್ನು ನನ್ನ ಬುಟ್ಟಿಯೊಳಗೆ ಹಾಕಿದರು.

"ಇದು ಎಂತಕ್ಕೆ ಸಾಹೇಬ್ರೇ?"

"ಬೀಗಕ್ಕ ತುಕ್ಕು ಹಿಡದದ. ಎಣ್ಣಿ ಹಾಕ್ರಿ. ಹಳ್ಳ ತುಂಬೂಕ ಮೊದಲ ಹಾಕ್ರಿ." ನಾಲ್ಕು ಹೆಜ್ಜೆ ಹೋದವರು ತಿರುಗಿದರು. "ಒಳಗ ಯಾರಿದ್ರೂ ನಾ ನೋಡಿಲ್ಲ. ಒಲಿ ಮಾತ್ರ ಡ್ರಮ್ಮಿನ ಹಂತೇಕ ಹಚ್ಚಬ್ಯಾಡ್ರಿ, ಹಾಳಾಗಿ ಹೋಗ್ತೀರಿ."

ಪಾರು ಒಂದು ಚಾಪೆ, ಒಂದು ಗಡಿಗೆ ಹಿಡಿದು ಈಚೆ ಬಂದಳು. ನಾನೂ ಜೊತೆಗೆ ಉಳಿದೆ. ಅವಳ ಗಂಡ ಮಂಜ ದನ ನೋಡಿಕೊಂಡು ಆಚೆ ಉಳಿದ. ದಿನಾ ಬೆಳಿಗ್ಗೆ ಆಚೆ ದಡಕ್ಕೆ ಬಂದು ಕಂಬಳಿ ಕೊಪ್ಪೆ ಹಾಕಿಕೊಂಡು ನಿಲ್ಲುತ್ತಿದ್ದ. ಇವಳು ಈಚೆ ನಿಂತು ತಲೆಯಾಡಿಸುತ್ತಿದ್ದಳು. ಸಂಕ ಮತ್ತೆ ತೇಲಿಹೋಗಿತ್ತು.

ಆಷಾಢದಲ್ಲಿ ಒಂದು ಮುಂಜಾನೆ ನೋವು ಬಂತು. ಈಚೆ ದಡದ ಬಸ್ಸಿನಲ್ಲಿ ಸಿರಸಿಗೆ ಕರೆದುಕೊಂಡು ಹೋದೆ. ಈ ಸಲವೂ ಮಗು ಅಡ್ಡವೇ. ಆದರೆ ಡಾಕ್ಟರ ಕೈಗೆ ಸಿಕ್ಕಿತು, ಬದುಕಿತು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಮನೆಗೆ ಹೋಗಲು ಹಳ್ಳ ಬಿಡಬೇಕಲ್ಲ, ಮತ್ತೆ ಗುಡಿಸಲಿಗೇ ಬಂದೆವು. ಮಾರನೇ ಬೆಳಿಗ್ಗೆ ಪಾರು ಮಗುವನ್ನೆತ್ತಿ ಆಚೆಯ ಮಂಜನಿಗೆ ತೋರಿಸಿದಳು. ಅವನು ಬಾಯಿಗೆ ಕೈ ಹಿಡಿದು ಕೂಗಿದ. ನೀರಿನ ಅಬ್ಬರಕ್ಕೆ ಏನೂ ಕೇಳಲಿಲ್ಲ, ಆದರೆ ಏನು ಕೇಳುತ್ತಾನೆಂದು ಗೊತ್ತಲ್ಲ. ಪಾರು ಕೈಯೆತ್ತಿ ಬಳೆ ಅಲ್ಲಾಡಿಸಿದಳು. ಹೆಣ್ಣು. ಮಂಜ ಆ ಮಳೆಯಲ್ಲಿ ಕಂಬಳಿ ಎಸೆದು ಕುಣಿದ. ನಾವಿಬ್ಬರೂ ನಕ್ಕೆವು.

ಅದೇ ವಾರ ಯಲ್ಲಾಪುರದ ಆಚೆ ಘಟ್ಟದಲ್ಲಿ ಗುಡ್ಡ ಜರಿಯಿತು. ಲಾರಿಗಳೆಲ್ಲ ನಿಂತವು. ಅದನ್ನು ನೋಡಲು ದಿಲ್ಲಿಯ ಇಲಾಖೆಯಿಂದ ಬೇರೆ ಒಬ್ಬ ಸಾಹೇಬರು ಬಂದರು. ಸಿರಸಿಯಿಂದ ಜೀಪು ಹೊರಟಿತು, ನಮ್ಮ ಹಳ್ಳದ ಮುಂದೆ ನಿಂತಿತು. ಮುಂದೆ ಹೋಗುವ ಮಾತೇ ಇಲ್ಲ. ಬಸಪ್ಪನವರು ಜೊತೆಗಿದ್ದರು. ಮಳೆ ಜೋರಾಯಿತು. ಸಾಹೇಬರು ಆಸರೆಗೆಂದು ಸೀದಾ ಗುಡಿಸಲಿನ ಕಡೆ ಬಂದರು. ಬಸಪ್ಪನವರು "ಅಲ್ಲಿ ಸೋರ್ತದ್ರೀ ಸಾಹೇಬ್ರ, ಹಾವದಾವ್ರೀ" ಅನ್ನುತ್ತ ಹಿಂದೆ ಬರುತ್ತಿದ್ದರು. ಒಳಗಿನಿಂದ ಮಗು ಅತ್ತಿತು.

ಸಾಹೇಬರು ಬಾಗಿಲು ದೂಡಿದರು. ಹಾರೆ ಗುದ್ದಲಿಗಳ ನಡುವೆ ಬಾಣಂತಿ. ಮಗುವಿನ ಮೈಗೆ ಸುತ್ತಿದ್ದು ಇಲಾಖೆಯ ಕೆಂಪು ಬಾವುಟ. ಒಣಗಿದ ಬಟ್ಟೆ ಬೇರೆ ಇರಲಿಲ್ಲ, ನಾನೇ ಸುತ್ತಿದ್ದೆ. ಬಸಪ್ಪನವರು ಕೊಡೆ ಬಿಚ್ಚಿ ಅದರ ಹಿಂದೆ ಮುಖ ಮರೆಸಿಕೊಂಡರು.

ಈ ಸಾಹೇಬರು ಮಂಡ್ಯದ ಕಡೆಯವರು, ಕನ್ನಡ ಬರುತ್ತಿತ್ತು. "ಏನಮ್ಮಾ ಇದು? ಇದೇನ್ ಛತ್ರವಾ?"

"ಅಲ್ಲ ಸಾಹೇಬ್ರೇ. ಇದ್ಕೆ ಆಚೆ ಮನೆ ಉಂಟು. ಹೋಗೂಕೆ ದಾರಿ ಇಲ್ಲ" ಅಂದೆ.

"ಇಲ್ಲಿ ಒಳ್ಳೇ ದಾಟು ಇದೆ, ಸೇತುವೆ ಬೇಡ ಅಂತ ನಮ್ಮೋರು ಬರ್ದಿದಾರಲ್ಲ?"

"ಆ ದಾಟು ನಾವೇ ಮಾಡಿದ್ದು. ಮಳೆಗೆ ಮಾಡಿದ್ದಲ್ಲ, ನಿಮ್ಮವ್ರಿಗೆ ಮಾಡಿದ್ದು. ಅವ್ರು ಹೋದ್ರು, ಅದೂ ಹೋತು."

ಸಾಹೇಬರು ನನ್ನನ್ನು ನೋಡಿದರು, ಕೊಡೆಯನ್ನು ನೋಡಿದರು. ಪಾರು ಮಗುವನ್ನು ಎದೆಗೊತ್ತಿಕೊಂಡು ಎದ್ದು ನಿಂತಳು. "ಹೋದ ಶ್ರಾವಣದ್ದು ಆಚೆ ದಡದಲ್ಲಿ ಮಲಗಿದೆ ಸಾಹೇಬ್ರೇ. ಇಲ್ಲಿಂದ ಕಾಣ್ತು, ಬನ್ನಿ" ಅಂದಳು. ಅಷ್ಟು ದಿನ ಅದರ ಮಾತೆತ್ತದವಳು. ಸಾಹೇಬರು ಮಳೆಯಲ್ಲೇ ಹೊರಗೆ ಬಂದು ಬಹಳ ಹೊತ್ತು ಹಳ್ಳದ ಮುಂದೆ ನಿಂತರು. ಆಚೆ ದಡದಲ್ಲಿ ಮಂಜ ಯಾರೋ ದೊಡ್ಡವರೆಂದು ಕೈ ಮುಗಿದು ನಿಂತಿದ್ದ. ಅವರು ಅವನನ್ನೂ ನೋಡಿದರು.

ಸೇತುವೆ ಮಂಜೂರಾಯಿತು. ಅದರ ಜೊತೆಗೇ ಬಸಪ್ಪನವರಿಗೆ ದೂರದ ಊರಿಗೆ ವರ್ಗವೂ ಆಯಿತು. ಗುಡಿಸಲಿನ ವಿಷಯ ಮೇಲಿನವರ ಕಿವಿಗೆ ಬಿದ್ದಿತ್ತು. ಸೇತುವೆ ಕೊಡುವ ಕೈ ಇದ್ದ ದಿಲ್ಲಿಯವರಿಗೆ ಇವರನ್ನು ಉಳಿಸುವ ಕೈ ಇರಲಿಲ್ಲ. ಇಲ್ಲವೇ ನೆನಪಿಗೆ ಬರಲಿಲ್ಲ. ನಾನು ಯಾರನ್ನೂ ದೂರುವುದಿಲ್ಲ, ಆದದ್ದನ್ನು ಬರೆಯುತ್ತಿದ್ದೇನೆ. ಹೊರಡುವ ದಿನ ಬಸಪ್ಪನವರು ಬೀಗದ ಕೈ ವಾಪಸು ಕೇಳಿದರು. "ಎಣ್ಣಿ ಹಾಕಿದ್ರೇನವ್ವಾ?" ಅಂದರು. ಹಾಕಿದ್ದೇವೆ ಅಂದೆ. "ಭೇಷ್" ಅನ್ನಲಿಲ್ಲ, ಕೊಡೆಯಿಂದ ನನ್ನ ಬುಟ್ಟಿಯನ್ನೊಮ್ಮೆ ತಟ್ಟಿ ಹೋದರು.

ಆಮೇಲೆ ಕೆಲಸದ ರೀತಿ ತುಂಬ ಬದಲಾಯಿತು. ದೊಡ್ಡ ರೋಲರು ಬಂತು. ಮೈಲಿಗಲ್ಲು ಕಿತ್ತು ಕಿಲೋಮೀಟರಿನ ಕಲ್ಲು ನೆಟ್ಟೆವು, ಅದೂ ದಿಲ್ಲಿಯ ಹುಕುಮು. ಸೋಂದಾದ ಒಬ್ಬ ಭಟ್ಟರು ಹೊಸ ಕಲ್ಲಿನ ದೊಡ್ಡ ಅಂಕೆ ನೋಡಿ, "ಎಂತದೇ ಹೊನ್ನೀ, ಆನು ಇಷ್ಟು ವರ್ಷ ಓಡಾಡಿದ ಸಿರಸಿ ಈಗ ಮತ್ತೂ ದೂರ ಹೋತನೇ?" ಎಂದು ನನಗೇ ಜೋರು ಮಾಡಿದರು. ನಾನೇ ಎಳೆದು ಆಚೆ ಇಟ್ಟ ಹಾಗೆ. ಆದರೆ ಅದೆಲ್ಲ ಬದಿಯ ಮಾತು.

ಸೇತುವೆ ಮುಗಿಯಲು ಎರಡು ಬೇಸಿಗೆ ಹಿಡಿಯಿತು. ಅದಕ್ಕೆ ಖಡಿ ಹೊತ್ತವರೂ ನಾವೇ. ದೊಡ್ಡವರು ಬಂದು ಟೇಪು ಕತ್ತರಿಸುವ ದಿನ ಹೊಸ ಓವರ್‌ಸಿಯರು ನಮ್ಮನ್ನು ಬೆಳಿಗ್ಗೆಯೇ ಕರೆಸಿ ಸೇತುವೆ ಗುಡಿಸಲಿಕ್ಕೆ ಹೇಳಿದ. ಅವತ್ತು ಗುಡಿಸಿದೆವು. ಅವತ್ತು ಮುಚ್ಚಿಡುವಂಥದ್ದೇನೂ ಇರಲಿಲ್ಲ.

ಹೊಸ ಕೆಲಸಕ್ಕೆ ಸೇರುವವಳಿಗೆ ನಾನು ಹೇಳುವುದು ಇದೇ. ಮೇಲಿನವರು ಬರುತ್ತಾರೆ ಅಂದ ಕೂಡಲೆ ನಿನ್ನ ಕೈಕೆಳಗಿನವರು ಹೊಂಡ ಮುಚ್ಚುತ್ತಾರೆ. ಅದು ಕಳ್ಳತನವಲ್ಲ, ಮರ್ಯಾದೆ. ಬಯ್ಯಬೇಡ. ಆದರೆ ಮುಚ್ಚಲು ಬಿಡಬೇಡ. ಮೇಲಿನವಳು ನೀನೇ ಆದ ದಿನ, ಹೇಳದೆ ಹೋಗು, ಮಳೆಯಲ್ಲಿ ಹೋಗು. ಜೀಪಿನಲ್ಲಿ ನಿದ್ದೆ ಮಾಡಬೇಡ.

ಟೇಪು ಕತ್ತರಿಸಿದ ದಿನ ದೊಡ್ಡವರೆಲ್ಲ ಹೋದ ಮೇಲೆ ಪಾರು ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡು ಸೇತುವೆಯ ನಡುವಿನವರೆಗೆ ನಡೆದಳು. ಮುಖ ತಿರುಗಿಸಲಿಲ್ಲ. ಕಟ್ಟೆಗೆ ಒರಗಿ ಕೆಳಗಿನ ಹಳ್ಳವನ್ನು ನೋಡಿದಳು. ಆಮೇಲೆ ಬಾಯಿ ತುಂಬ ಇದ್ದ ಎಲೆಯಡಿಕೆಯನ್ನು ಪಿಚಕ್ಕನೆ ಉಗಿದಳು.

"ಏ ಮಾರಾಯ್ತಿ, ಈಗಷ್ಟೇ ಗುಡಿಸಿದ್ದು!" ಎಂದು ಕೂಗಿದೆ.

"ಸೇತುವೆಗೆ ಉಗಿದದ್ದಲ್ಲ ಹೊನ್ನಕ್ಕಾ" ಅಂದಳು. "ಹಳ್ಳಕ್ಕೆ."